ದಾವಣಗೆರೆಯ ‘ಶುಗರ್‌ಲೆಸ್’ ಕಪಾಟು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದನ್ನು ಅಲ್ಲೇ ಬಿಡಬಹುದು

ಪಿ.ಜೆ. ಬಡಾವಣೆ, ವಿದ್ಯಾನಗರ, ಎಂ.ಸಿ.ಸಿ. ಬ್ಲಾಕ್ ಕಡೆಯ ಸೂಪರ್‌ಮಾರ್ಕೆಟ್‌ಗಳಲ್ಲಿ ಈಗ ‘ಶುಗರ್ ಇರೋರಿಗೆ’ ಅಂತಲೇ ಒಂದು ಕಪಾಟು. ದೊಡ್ಡ ಬೇಕರಿಗಳಲ್ಲಿ ಗಾಜಿನ ಪೆಟ್ಟಿಗೆಯ ಒಂದು ಮೂಲೆ. ಡೈಜೆಸ್ಟಿವ್ ಬಿಸ್ಕತ್ತು, ಶುಗರ್ ಫ್ರೀ ರಸ್ಕ್, ಬೆಲ್ಲದ ಕುಕೀಸ್, ಖರ್ಜೂರದ ಉಂಡೆ, ಡಯಟ್ ಕೋಲಾ, ಜೇನು, ಸಾವಯವ ಬೆಲ್ಲದ ಪುಡಿ, ಮಾಲ್ಟ್ ಡಬ್ಬಿ, ಗುಳಿಗೆ, ಡ್ರಾಪ್ಸ್. ಊರಿಗೆ ಹಬ್ಬಕ್ಕೆ ಬಂದ ಮಕ್ಕಳು ಅಪ್ಪ-ಅಮ್ಮನಿಗೆ ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಇಲ್ಲಿಂದಲೇ ಬುಟ್ಟಿಗೆ ಹಾಕುತ್ತಾರೆ. ಬೆಲೆಯೂ ಮಾಮೂಲಿ ಸರಕಿಗಿಂತ ಜಾಸ್ತಿಯೇ. ತೀರ್ಪು ಮೊದಲೇ ಹೇಳಿಬಿಡುವುದಾದರೆ, ಇಲ್ಲಿ ಹತ್ತು ಬಗೆ ಇದ್ದರೆ ಕೊಟ್ಟ ದುಡ್ಡಿಗೆ ತಕ್ಕದ್ದು ಮೂರೋ ನಾಲ್ಕೋ. ಉಳಿದವುಗಳಲ್ಲಿ ಕೆಲವು ಸಕ್ಕರೆಯೇ, ಹೆಸರು ಬೇರೆ. ಕೆಲವು ಸಕ್ಕರೆಯಲ್ಲ, ಆದರೆ ರಕ್ತಕ್ಕೆ ಸೇರಿದ ಮೇಲೆ ಸಕ್ಕರೆಯ ಕೆಲಸವನ್ನೇ ಮಾಡುತ್ತವೆ.

ಸಕ್ಕರೆ ಕಾಯಿಲೆ ಇದ್ದವರಿಗಷ್ಟೇ ಈ ವಿಮರ್ಶೆ ಅಂದುಕೊಳ್ಳಬೇಡಿ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಹೊಸ್ತಿಲಲ್ಲಿ ಇರುವವರಲ್ಲಿ ಬಹಳ ಮಂದಿಗೆ ಅದು ಗೊತ್ತೇ ಇರುವುದಿಲ್ಲ. ಬೆಳಗಿನ ಖಾಲಿ ಹೊಟ್ಟೆಯ ರಕ್ತದಲ್ಲಿ ಗ್ಲೂಕೋಸ್ 100 ಮಿ.ಲೀ.ಗೆ 126 ಮಿ.ಗ್ರಾಂ. ಅಥವಾ ಅದಕ್ಕೂ ಮೇಲೆ, ಇಲ್ಲವೇ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇ 6.5 ಅಥವಾ ಅದಕ್ಕೂ ಮೇಲೆ ಬಂದರೆ ಕಾಯಿಲೆ. ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಳ್ಳುತ್ತಾರೆ.

ಅಳೆಯುವುದು ಯಾವುದರಿಂದ?

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ: ದಿನದ ಒಟ್ಟು ಕ್ಯಾಲೊರಿಯಲ್ಲಿ ಹೊರಗಿನಿಂದ ಸೇರಿದ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವವರಿಗೆ ಶೇ 10 ಅಂದರೆ 50 ಗ್ರಾಂ, ಶೇ 5 ಅಂದರೆ 25 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2024ರ ಮಾರ್ಗಸೂಚಿಯೂ 25 ಗ್ರಾಂ ಮಿತಿಯನ್ನೇ ಹೇಳುತ್ತದೆ. ತಲೆ ಸವರಿದ ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ, ಅಂದರೆ ದಿನಕ್ಕೆ ಆರು ಚಮಚ. ಗೋಪುರ ಏರಿಸಿ ಹಾಕುವ ಕೈಯಾದರೆ ನಾಲ್ಕಕ್ಕೇ ಲೆಕ್ಕ ಮುಗಿಯಿತು.

ಜೇನು, ಬೆಲ್ಲ, ಕಬ್ಬಿನಹಾಲು, ಡಬ್ಬಿಯ ಹಣ್ಣಿನ ರಸ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಇಡೀ ಹಣ್ಣು, ಹಾಲು ಬರುವುದಿಲ್ಲ.

ಪ್ಯಾಕೆಟ್ ಹಿಂದಿನ ಕೋಷ್ಟಕದಲ್ಲಿ ‘ಒಟ್ಟು ಸಕ್ಕರೆ’, ‘ಸೇರಿಸಿದ ಸಕ್ಕರೆ’ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಕೊಡಬೇಕೆಂಬುದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮ. ಪಕ್ಕದಲ್ಲೇ ದಿನದ ಅಗತ್ಯದ ಶೇಕಡಾವಾರು ಇರುತ್ತದೆ. ಅದನ್ನು ಲೆಕ್ಕ ಹಾಕುವುದು 50 ಗ್ರಾಂ ಮೇಲೆ. ಪ್ಯಾಕೆಟ್ ‘ಶೇ 20’ ಅಂದರೆ 10 ಗ್ರಾಂ. 25 ಗ್ರಾಂ ಮಿತಿ ಇಟ್ಟುಕೊಂಡವರಿಗೆ ಅದು ಶೇ 40. ಕೋಷ್ಟಕದ ಶೇಕಡಾವಾರನ್ನು ಕಣ್ಣುಮುಚ್ಚಿ ಎರಡರಿಂದ ಗುಣಿಸಿಕೊಳ್ಳಿ. ಇನ್ನೊಂದು ಕಡೆ ಕಣ್ಣು ತಪ್ಪುವುದು ‘ಒಂದು ಸರ್ವ್’ ಅನ್ನುವಲ್ಲಿ. ಬಿಸ್ಕತ್ತಿನ ಪ್ಯಾಕೆಟ್‌ನಲ್ಲಿ ಒಂದು ಸರ್ವ್ ಅಂದರೆ ಎರಡೋ ಮೂರೋ ಬಿಸ್ಕತ್ತು. ಟೀ ಜತೆ ಎರಡಕ್ಕೇ ಕೈ ನಿಲ್ಲಿಸುವ ದಾವಣಗೆರೆಯವರು ಯಾರಿದ್ದಾರೋ ಕಾಣೆ. ಆದ್ದರಿಂದ 100 ಗ್ರಾಂ ಸಾಲನ್ನೇ ನೋಡಿ.

ಪ್ಯಾಕೆಟ್ ಮುಂಭಾಗದ ದೊಡ್ಡ ಅಕ್ಷರಗಳಿಗೂ ಕಾನೂನಿನಲ್ಲಿ ಅರ್ಥವಿದೆ. ‘ಶುಗರ್ ಫ್ರೀ’ ಅನ್ನಬೇಕಾದರೆ 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರಬಾರದು. ‘ಲೋ ಶುಗರ್’ ಅಂದರೆ ಗಟ್ಟಿ ಪದಾರ್ಥದಲ್ಲಿ 5 ಗ್ರಾಂ, ದ್ರವದಲ್ಲಿ 100 ಮಿ.ಲೀ.ಗೆ 2.5 ಗ್ರಾಂ ಒಳಗೆ. ‘ನೋ ಆ್ಯಡೆಡ್ ಶುಗರ್’ ಅಂದರೆ ಹೊರಗಿನಿಂದ ಹಾಕಿಲ್ಲ ಅಷ್ಟೆ, ಒಳಗೇ ಇರುವುದು ಎಷ್ಟು ಬೇಕಾದರೂ ಇರಬಹುದು. ಅಂಗಡಿಯಲ್ಲಿ ಮೂರಕ್ಕೂ ‘ಶುಗರ್‌ಲೆಸ್’ ಅಂತ ಒಂದೇ ಹೆಸರು.

ಬಿಡಿ ಸಿಹಿತಿಂಡಿ

ಬೇಕರಿ, ಸ್ವೀಟ್ ಅಂಗಡಿಗಳ ‘ಶುಗರ್‌ಲೆಸ್’ ತಟ್ಟೆಯ ಕತೆ ಇನ್ನೂ ಗೋಜಲು. ಬಿಡಿ ಸಿಹಿಗೆ ಪೌಷ್ಟಿಕಾಂಶದ ಕೋಷ್ಟಕ ಇರುವುದಿಲ್ಲ. 2020ರ ಅಕ್ಟೋಬರ್‌ನಿಂದ ತಟ್ಟೆಯ ಮುಂದೆ ‘ಇಂಥ ದಿನದೊಳಗೆ ಬಳಸಿ’ ಎಂಬ ಚೀಟಿ ಕಡ್ಡಾಯವಾಗಿದೆ, ಒಳಗೇನು ಹಾಕಿದ್ದಾರೆ ಅನ್ನುವುದು ಕೇಳಿಯೇ ತಿಳಿಯಬೇಕು. ‘ಇದ್ರಾಗೆ ಸಕ್ಕರೆ ಬದ್ಲಿಗೆ ಏನ್ ಹಾಕೀರಣ್ಣ?’ ಅಂದರೆ ‘ಶುಗರ್ ಫ್ರೀ ಹಾಕೀವಿ ಸಾರ್’ ಅನ್ನುವ ಉತ್ತರ ಬರುತ್ತದೆ. ಅಲ್ಲಿಗೇ ಸುಮ್ಮನಾಗಬೇಡಿ. ‘ಮಾಲ್ಟಿಟಾಲಾ, ಖರ್ಜೂರನಾ, ಬೆಲ್ಲನಾ?’ ಅಂತ ಕೇಳಿ. ಈ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುವ ಅಂಗಡಿಯಲ್ಲಿ ಕೊಳ್ಳಬಹುದು. ಒಳಗೆ ಹೋಗಿ ಡಬ್ಬಿ ತಂದು ತೋರಿಸುವವರಾದರೆ ಇನ್ನೂ ನಿಶ್ಚಿಂತೆ. ‘ಎಲ್ಲಾ ನ್ಯಾಚುರಲ್’ ಅಂದರೆ ಮುಂದಕ್ಕೆ ನಡೆಯಿರಿ.

ಈ ಪ್ರಶ್ನೆ ಯಾಕೆ ಮುಖ್ಯವೆಂದರೆ, ಸಿಹಿತಿಂಡಿಯಲ್ಲಿ ಸಕ್ಕರೆಯ ಕೆಲಸ ಸಿಹಿ ಕೊಡುವುದಷ್ಟೇ ಅಲ್ಲ. ಮೈಸೂರು ಪಾಕ್‌ಗೆ ಒಂದು ಪಾಲು ಕಡ್ಲೆಹಿಟ್ಟಾದರೆ ಎರಡು ಪಾಲು ಸಕ್ಕರೆ; ಒಂದೆಳೆ ಪಾಕ ಬಂದಮೇಲೆ ಹಿಟ್ಟು, ಕಾದ ತುಪ್ಪ. ಕಾದ ತುಪ್ಪ ಎಬ್ಬಿಸಿದ ಆ ಜೇನುಗೂಡಿನಂಥ ತೂತು ಹಾಗೇ ನಿಲ್ಲುವುದು, ಒತ್ತಿದರೆ ಪುಡಿಯಾಗುವ ಗುಣ ಎರಡೂ ಪಾಕ ಮತ್ತೆ ಹರಳುಗಟ್ಟುವುದರಿಂದ. ಪೇಡಕ್ಕೆ ಕಿಲೋ ಖೋವಾಗೆ 300 ಗ್ರಾಂ ಆಸುಪಾಸು ಸಕ್ಕರೆ ಬೀಳುತ್ತದೆ. ಅದನ್ನು ತೆಗೆದು ಎರಡು ತೊಟ್ಟು ಸುಕ್ರಲೋಸ್ ಎಂಬ ಕೃತಕ ಸಿಹಿ ಬಿಟ್ಟರೆ ಸಿಹಿ ಬಂದೀತು, 300 ಗ್ರಾಂ ತೂಕ ಎಲ್ಲಿಂದ ಬರಬೇಕು? ಆ ಜಾಗವನ್ನು ಯಾವುದರಿಂದಾದರೂ ತುಂಬಲೇಬೇಕು. ತುಂಬುವುದು ಮಾಲ್ಟಿಟಾಲ್, ಐಸೋಮಾಲ್ಟ್, ಸಾರ್ಬಿಟಾಲ್‌ನಂಥ ಪಾಲಿಯಾಲ್‌ಗಳಿಂದ, ಅಂದರೆ ಸಿಹಿಯ ಜತೆಗೆ ತೂಕವನ್ನೂ ಕೊಡುವ ಸಕ್ಕರೆ ಬದಲಿಗಳಿಂದ. ಇಲ್ಲದಿದ್ದರೆ ಖರ್ಜೂರ–ಅಂಜೂರದ ಗಟ್ಟಿಯಿಂದ. ಅಗ್ಗದ ಕೈಯಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಅಥವಾ ಹಾಲಿನ ಪುಡಿಯಿಂದ.

ಮಾಲ್ಟಿಟಾಲ್ ಸಿಹಿಯಲ್ಲಿ ಸಕ್ಕರೆಗೆ ಹತ್ತತ್ತಿರ, ಸುಮಾರು ಶೇ 90. ಪಾಕಕ್ಕೂ ಒಗ್ಗುತ್ತದೆ. ಕ್ಯಾಲೊರಿ ಗ್ರಾಂಗೆ ಸುಮಾರು 2.1, ಸಕ್ಕರೆಯದ್ದು 4. ಗಮನಿಸಿ, ಸೊನ್ನೆಯಲ್ಲ, ಅರ್ಧ. ರಕ್ತದ ಗ್ಲೂಕೋಸನ್ನೂ ಏರಿಸುತ್ತದೆ, ನಿಧಾನವಾಗಿ ಮತ್ತು ಕಡಿಮೆ ಮಟ್ಟಕ್ಕೆ. ಮಾಲ್ಟಿಟಾಲ್ ಬರ್ಫಿಯನ್ನು ಚಾಕುವಿನಿಂದ ಕೊಯ್ದರೆ ಕೊಯ್ದ ಮುಖ ಒಣಗಿ ಬಿಳಿಚಿಕೊಳ್ಳುವುದಿಲ್ಲ, ಮೇಣದ ಹಾಗೆ ಮಿನುಗುತ್ತದೆ, ಬೆರಳಿಗೆ ತುಸು ಅಂಟುತ್ತದೆ. ಬಾಯಲ್ಲಿಟ್ಟ ಕೂಡಲೇ ತಣ್ಣಗೆ ಅನ್ನಿಸಿದರೆ ಎರಿಥ್ರಿಟಾಲ್ ಅಥವಾ ಕ್ಸೈಲಿಟಾಲ್ ಬೆರೆತಿದೆ. ರುಚಿಗೆ ಹೆಚ್ಚು ಅಂಕ ಮಾಲ್ಟಿಟಾಲ್‌ಗೇ.

ಅದರ ತಾಪತ್ರಯ ಹೊಟ್ಟೆಯಲ್ಲಿ. ಪಾಲಿಯಾಲ್ ಸಣ್ಣ ಕರುಳಲ್ಲಿ ಪೂರ್ತಿ ಹೀರಿಕೆಯಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ, ನೀರು ಎಳೆದುಕೊಳ್ಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗಾಳಿ ಎಬ್ಬಿಸುತ್ತವೆ. 30 ಗ್ರಾಂ ತೂಗುವ ಒಂದು ತುಂಡಿನಲ್ಲಿ 8–10 ಗ್ರಾಂ ಪಾಲಿಯಾಲ್ ಇದ್ದರೆ ಒಂದು ತುಂಡು ಏನೂ ಮಾಡದು. ‘ಹೆಂಗೂ ಶುಗರ್‌ಲೆಸ್ ಐತಲ್ಲ’ ಅಂತ ನಾಲ್ಕು ತಿಂದರೆ 30–40 ಗ್ರಾಂ. ಹೊಟ್ಟೆ ಗುಡುಗಿ ಓಡಾಡಿಸುವುದು ಬಹಳ ಮಂದಿಗೆ ಗ್ಯಾರಂಟಿ. ಪಾಲಿಯಾಲ್ ಹೆಚ್ಚಿರುವ ಪ್ಯಾಕೆಟ್‌ಗಳ ಮೇಲೆ ಭೇದಿಯಾಗಬಹುದು ಎಂಬ ಎಚ್ಚರಿಕೆ ಇರಲೇಬೇಕು ಎಂದು ನಿಯಮವಿದೆ. ಬಿಡಿ ಬರ್ಫಿಗೆ ಆ ಸಾಲನ್ನು ಅಂಟಿಸುವುದಾದರೂ ಎಲ್ಲಿಗೆ? ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಹೊಸದಾಗಿ ಶುರುಮಾಡಿ ಮೊದಲೇ ಹೊಟ್ಟೆ ಕೆಟ್ಟವರಂತೂ ಸದ್ಯಕ್ಕೆ ಇದರ ತಂಟೆಗೆ ಹೋಗದಿರುವುದು ವಾಸಿ.

ಖೋವಾ ಸಿಹಿಯ ಮೇಲೆ ‘ಶುಗರ್ ಫ್ರೀ’ ಅಂತ ಚೀಟಿ ಇದ್ದರೆ ಅದು ಲೆಕ್ಕದಲ್ಲೇ ತಪ್ಪು. ಹಾಲಿನಲ್ಲಿ 100 ಮಿ.ಲೀ.ಗೆ ನಾಲ್ಕೂವರೆಯಿಂದ ಐದು ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಒಂದು ಲೀಟರ್ ಕಾಯಿಸಿ ಬತ್ತಿಸಿದರೆ ಸಿಗುವ ಖೋವಾ ಇನ್ನೂರು ಗ್ರಾಂ ಆಚೀಚೆ. ಲ್ಯಾಕ್ಟೋಸ್ ಆವಿಯಾಗಿ ಹೋಗುವುದಿಲ್ಲ, ಅಷ್ಟೂ ಅದರಲ್ಲೇ ಕೂತಿರುತ್ತದೆ: 100 ಗ್ರಾಂ ಖೋವಾಗೆ 20 ಗ್ರಾಂ ಮೀರಿ. ಕಾನೂನಿನ ಮಿತಿ 0.5. ಅಂದರೆ ಖೋವಾದ ಪೇಡ ‘ನೋ ಆ್ಯಡೆಡ್ ಶುಗರ್’ ಆಗಬಹುದು, ‘ಶುಗರ್ ಫ್ರೀ’ ಆಗಲಾರದು. ಲ್ಯಾಕ್ಟೋಸ್ ಸಕ್ಕರೆಯಷ್ಟು ಕೆಟ್ಟದ್ದಲ್ಲ ಅನ್ನುವುದು ನಿಜ. ಚೀಟಿ ಬರೆದವರಿಗೆ ತಾವು ಮಾರುತ್ತಿರುವುದು ಏನೆಂದು ಗೊತ್ತಿಲ್ಲ ಅನ್ನುವುದೂ ನಿಜ.

ಖರ್ಜೂರದ ಉಂಡೆ ಈ ತಟ್ಟೆಯಲ್ಲಿ ನಮ್ಮ ಆಯ್ಕೆ, ಷರತ್ತಿನ ಮೇಲೆ. ಒಣ ಖರ್ಜೂರದ ತೂಕದಲ್ಲಿ ಮೂರನೇ ಎರಡು ಭಾಗ ಸಕ್ಕರೆಯೇ. 25 ಗ್ರಾಂ ಉಂಡೆಯಲ್ಲಿ ಅರ್ಧ ಖರ್ಜೂರ ಇದ್ದರೆ ಎಂಟು ಗ್ರಾಂ ಸಕ್ಕರೆ ಬಂತು. ಆದರೆ ನಾರಿದೆ, ಜತೆಗೆ ಬಾದಾಮಿ, ಶೇಂಗಾ, ಎಳ್ಳಿನ ಕೊಬ್ಬು–ಪ್ರೋಟೀನ್ ಇವೆ, ಏರಿಕೆ ನಿಧಾನ. ಊಟದ ಕೊನೆಗೆ ಒಂದು, ಅಷ್ಟೆ. ಇಡೀ ಖರ್ಜೂರದ ಬದಲು ಖರ್ಜೂರದ ಸಿರಪ್ ಹಾಕಿದ್ದರೆ ಈ ರಿಯಾಯಿತಿ ಇಲ್ಲ. ಅಂಟಿನುಂಡೆ, ಕರದಂಟು ‘ಬೆಲ್ಲದ್ದು, ತೊಂದ್ರಿಲ್ಲ’ ಎಂದು ಪಕ್ಕದಲ್ಲೇ ಇಟ್ಟಿರುತ್ತಾರೆ. ರುಚಿಗೆ ನೂರಕ್ಕೆ ನೂರು ಅಂಕ. ಈ ಕಪಾಟಿನಲ್ಲಿ ಅವಕ್ಕೆ ಜಾಗವಿಲ್ಲ.

ಬೆಲ್ಲ, ಜೇನು, ಕಂದು ಸಕ್ಕರೆ

ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಿಲ್ಲ. ಬೆಲ್ಲದ ಬಹುಪಾಲು ಸುಕ್ರೋಸ್, ಉಳಿದಂತೆ ಸ್ವಲ್ಪ ಗ್ಲೂಕೋಸ್–ಫ್ರಕ್ಟೋಸ್, ತೇವ, ಖನಿಜ. ಕ್ಯಾಲೊರಿ ಸಕ್ಕರೆಯ ಸನಿಹದಲ್ಲೇ. ಕಬ್ಬಿಣದಂಶ ಇದೆ ಅನ್ನುವುದು ಸುಳ್ಳಲ್ಲ, ಆದರೆ ಒಂದು ಚಮಚದಲ್ಲಿ ಸಿಗುವುದು ಒಂದು ಮಿಲಿಗ್ರಾಂಗೂ ಕಮ್ಮಿ. ಅದಕ್ಕಾಗಿ ಬೆಲ್ಲ ತಿನ್ನುವ ಬದಲು ಒಂದು ಹಿಡಿ ಹುರುಳಿಕಾಳು ಬೇಯಿಸಿ. ಜೇನಿನಲ್ಲಿ ಸುಮಾರು ಶೇ 80 ಸಕ್ಕರೆ, ಉಳಿದದ್ದು ಹೆಚ್ಚಾಗಿ ನೀರು. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಲೇಬಾರದು, ಬಾಟ್ಯುಲಿಸಂ ಎಂಬ ವಿಷಬಾಧೆಯ ಭಯವಿದೆ. ಕಂದು ಸಕ್ಕರೆಗೆ ಬಣ್ಣ ಬಿಟ್ಟರೆ ಬೇರೆ ಗುಣವಿಲ್ಲ. ಅಡುಗೆಗೆ ಬೆಲ್ಲ ಬೇಕೆಂದರೆ ಮಂಡಿಪೇಟೆಯಲ್ಲಿ ಅಚ್ಚು ಕೊಳ್ಳಿ. ಡಯಾಬಿಟಿಸ್ ಕಪಾಟಿನ ಬೆಲೆ ತೆರಬೇಡಿ.

ಬಿಸ್ಕತ್ತು, ರಸ್ಕ್

‘ಶುಗರ್ ಫ್ರೀ’ ಬಿಸ್ಕತ್ತಿನ ಹಿಂಬದಿಯಲ್ಲಿ ಸಕ್ಕರೆ 0 ಇರುತ್ತದೆ. ಅದೇ ಕೋಷ್ಟಕದಲ್ಲಿ ಕಾರ್ಬೋಹೈಡ್ರೇಟ್ ನೋಡಿ, 100 ಗ್ರಾಂಗೆ 65ರಿಂದ 75. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ: ಮೊದಲು ಮೈದಾ, ಆಮೇಲೆ ಎಣ್ಣೆ, ಆಮೇಲೆ ಮಾಲ್ಟೋಡೆಕ್ಸ್‌ಟ್ರಿನ್ ಅಥವಾ ಪಾಲಿಯಾಲ್. ಮಾಲ್ಟೋಡೆಕ್ಸ್‌ಟ್ರಿನ್ ಪಿಷ್ಟದ ತುಂಡು. ಸಕ್ಕರೆಯ ವ್ಯಾಖ್ಯೆಯೊಳಗೆ ಬರದ ಕಾರಣ ‘ಸಕ್ಕರೆ’ ಸಾಲಿಗೆ ಬರುವುದಿಲ್ಲ, ರಕ್ತಕ್ಕೆ ಮಾತ್ರ ಗ್ಲೂಕೋಸ್‌ನಷ್ಟೇ ವೇಗದಲ್ಲಿ ಇಳಿಯುತ್ತದೆ. ಸಕ್ಕರೆ ಇರುವ ಬಿಸ್ಕತ್ತಿಗೂ ಇದಕ್ಕೂ ಗ್ಲೂಕೋಮೀಟರ್‌ನಲ್ಲಿ ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಆಶ್ಚರ್ಯಪಡಬೇಡಿ.

ಡೈಜೆಸ್ಟಿವ್, ಓಟ್ಸ್, ಮಲ್ಟಿಗ್ರೇನ್ ಎಂದು ಬರೆದವುಗಳಲ್ಲಿ ಇನ್ನೊಂದು ಚಮತ್ಕಾರ. ಸಕ್ಕರೆ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಮಾಲ್ಟ್ ಸಾರ, ಫ್ರಕ್ಟೋಸ್ ಹೀಗೆ ಒಂದೇ ಕೆಲಸ ಐದು ಹೆಸರಿಗೆ ಹಂಚಿಹೋಗಿರುತ್ತದೆ. ಒಂದೊಂದೂ ಪಟ್ಟಿಯಲ್ಲಿ ಕೆಳಗೆ, ಕೂಡಿಸಿದರೆ ಮೇಲೆ. ‘ಓಟ್ಸ್’ ಎಂದಿದ್ದರೆ ಆವರಣದಲ್ಲಿ ಶೇಕಡಾ ಎಷ್ಟು ಎಂದು ಓದಿ.

ನಮ್ಮೂರ ಬೆಣ್ಣೆ ಬಿಸ್ಕತ್ತನ್ನು ಯಾರೂ ಆರೋಗ್ಯಕ್ಕೆಂದು ಮಾರುವುದಿಲ್ಲ. ಆ ಮಟ್ಟಿಗೆ ಅದು ಪ್ರಾಮಾಣಿಕ. ಬೆಣ್ಣೆ ದೋಸೆ, ಒಗ್ಗರಣೆ ಮಂಡಕ್ಕಿ–ಮಿರ್ಚಿಯ ಮೇಲೆ ಬೇರೆ ತಕರಾರು ಇರಬಹುದು, ಸಕ್ಕರೆಯ ಕೇಸಿನಲ್ಲಿ ಅವು ಆರೋಪಿಗಳಲ್ಲ. ಅದರ ಮೇಲೆ ಕುಡಿಯುವ ತಂಪು ಪಾನೀಯ ಆರೋಪಿ.

ಬಿಸ್ಕತ್ತಿನ ಸಾಲಿನಿಂದ ಏನೂ ಕೊಳ್ಳಬೇಡಿ ಅನ್ನುವುದೇ ನಮ್ಮ ಸಲಹೆ. ಸಂಜೆ ಟೀ ಜತೆ ಬಾಯಾಡಿಸಲು ಹುರಿದ ಶೇಂಗಾ, ಹುರಿಗಡಲೆ ಇದಕ್ಕಿಂತ ಅಗ್ಗ, ಇದಕ್ಕಿಂತ ಸುರಕ್ಷಿತ.

ಡಬ್ಬಿ, ಬಾಟಲಿ, ಲೋಟ

ಸಕ್ಕರೆ ನಿಜವಾಗಿ ಹಾನಿ ಮಾಡುವುದು ದ್ರವದ ರೂಪದಲ್ಲಿ. ಗಟ್ಟಿ ತಿಂಡಿಯ ಹಾಗೆ ಹೊಟ್ಟೆ ತುಂಬಿದ ಸೂಚನೆ ಬರುವುದಿಲ್ಲ, ಕುಡಿದ ಮೇಲೂ ಊಟ ಅಷ್ಟೇ ಹೋಗುತ್ತದೆ. ಸಕ್ಕರೆಯ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸ್ ಮೈಯೆಲ್ಲ ಬಳಸುತ್ತದೆ. ಫ್ರಕ್ಟೋಸ್‌ನ ಹೆಚ್ಚಿನ ಪಾಲನ್ನು ಯಕೃತ್ತೇ ಸಂಭಾಳಿಸಬೇಕು. ಒಂದು ಲೋಟ ಗಟಗಟ ಕುಡಿದಾಗ ಅದು ಒಟ್ಟಿಗೇ ಬಂದು ಬೀಳುತ್ತದೆ, ಮಿಕ್ಕಿದ್ದು ಕೊಬ್ಬಾಗುತ್ತದೆ. ಒಂದಿಷ್ಟು ಯಕೃತ್ತಿನಲ್ಲೇ ಕೂರುತ್ತದೆ, ಒಂದಿಷ್ಟು ಟ್ರೈಗ್ಲಿಸರೈಡ್ ಆಗಿ ರಕ್ತಕ್ಕೆ ಬರುತ್ತದೆ. ಜತೆಗೆ ಯೂರಿಕ್ ಆ್ಯಸಿಡ್ ಏರುತ್ತದೆ. ಹೆಂಡ ಮುಟ್ಟದವರ ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ‘ಫ್ಯಾಟಿ ಲಿವರ್ ಗ್ರೇಡ್ 1’ ಕಾಣಿಸಿಕೊಳ್ಳಲು ಇರುವ ಕಾರಣಗಳಲ್ಲಿ ಇದೂ ಒಂದು. ಸಿಹಿ ಪಾನೀಯ ದಿನವೂ ಕುಡಿಯುವವರಲ್ಲಿ ಟೈಪ್ 2 ಸಕ್ಕರೆ ಕಾಯಿಲೆ ಹೆಚ್ಚೆಂಬುದು ಮತ್ತೆ ಮತ್ತೆ ಕಂಡುಬಂದ ಸಂಗತಿ. ಹಲ್ಲಿನ ಮಾತೇ ಬೇರೆ: ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲ ಮಾಡುತ್ತವೆ, ಪಿಎಚ್ 5.5ಕ್ಕಿಂತ ಕೆಳಗಿಳಿದರೆ ದಂತಕವಚ ಕರಗಲು ಶುರು. ಎಷ್ಟು ಕುಡಿದಿರಿ ಅನ್ನುವುದಕ್ಕಿಂತ ಎಷ್ಟು ಸಲ ಗುಟುಕರಿಸಿದಿರಿ ಅನ್ನುವುದು ಅಲ್ಲಿ ದೊಡ್ಡ ಲೆಕ್ಕ.

ಮಾಮೂಲಿ ಕೋಲಾದಲ್ಲಿ 100 ಮಿ.ಲೀ.ಗೆ 10–11 ಗ್ರಾಂ ಸಕ್ಕರೆ. ಕಾಲು ಲೀಟರ್ ಬಾಟಲಿ ಎಂದರೆ ಇಡೀ ದಿನದ ಕೋಟಾ. ಏಪ್ರಿಲ್ ಬಿಸಿಲಲ್ಲಿ ಹದಡಿ ರಸ್ತೆ, ಪಿ.ಬಿ. ರಸ್ತೆ ಬದಿ ಕುಡಿಯುವ ಕಬ್ಬಿನಹಾಲು ‘ನ್ಯಾಚುರಲ್’ ನಿಜ, 200 ಮಿ.ಲೀ. ಲೋಟದಲ್ಲಿ 25 ಗ್ರಾಂ ಮೀರಿ ಸಕ್ಕರೆ ಇರುವುದೂ ನಿಜ. ‘100% ಜ್ಯೂಸ್, ನೋ ಆ್ಯಡೆಡ್ ಶುಗರ್’ ಡಬ್ಬಿಯಲ್ಲಿ ಸೇರಿಸಿದ್ದು ಸೊನ್ನೆ, ಒಟ್ಟು ಸಕ್ಕರೆ ಹೆಚ್ಚುಕಡಿಮೆ ಕೋಲಾದಷ್ಟೇ. ನಾರು ಹೋದ ಮೇಲೆ ಅದು ಹಣ್ಣಲ್ಲ. ಡಯಟ್ ಕೋಲಾ ಗ್ಲೂಕೋಸ್ ಏರಿಸುವುದಿಲ್ಲ. ಆಮ್ಲ ಹಾಗೇ ಇದೆ, ಹಲ್ಲಿಗೆ ಪೂರ್ತಿ ರಕ್ಷಣೆಯಿಲ್ಲ. ದಿನಾ ಕೋಲಾ ಕುಡಿಯುವವರು ಬಿಡಲು ಮೆಟ್ಟಿಲಾಗಿ ಬಳಸಿಕೊಳ್ಳಬಹುದು, ಕುಡಿಯದವರು ಶುರುಮಾಡಬೇಕಿಲ್ಲ. ಇಡೀ ಸಾಲಿನಲ್ಲಿ ಪೂರ್ತಿ ಅಂಕ ಪಡೆಯುವುದು ಮಸಾಲೆ ಮಜ್ಜಿಗೆ ಪ್ಯಾಕೆಟ್ ಮತ್ತು ಉಪ್ಪು ಹಾಕಿದ ನಿಂಬೆ ಸೋಡಾ. ಅಂಗಡಿಯಲ್ಲಿ ‘ಸಾಲ್ಟ್ ಮಾತ್ರ’ ಅಂತ ಮೊದಲೇ ಹೇಳಿ. ಹೇಳದಿದ್ದರೆ ಸಕ್ಕರೆ ನೀರು ಬಿದ್ದೇ ಬೀಳುತ್ತದೆ. ಬಿಪಿ ಇದ್ದವರು ಇದನ್ನೂ ಮಿತಿಯಲ್ಲಿಡಬೇಕು.

ಓಆರ್‌ಎಸ್ ಅನ್ನುವಂಥ ಹೆಸರಿನಲ್ಲಿ ಮೆಡಿಕಲ್ ಶಾಪ್‌ನಲ್ಲೇ ಸಿಗುತ್ತಿದ್ದ ಹಣ್ಣಿನ ರುಚಿಯ ಸಿಹಿ ಪಾನೀಯಗಳ ಬಗ್ಗೆ ಎಚ್ಚರ. ನಿಜವಾದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ. ಅದಕ್ಕಿಂತ ಹಲವು ಪಟ್ಟು ಸಿಹಿಯಾದದ್ದನ್ನು ಭೇದಿಯಾದ ಮಗುವಿಗೆ ಕುಡಿಸಿದರೆ ಕರುಳು ಇನ್ನಷ್ಟು ನೀರು ಬಿಡುತ್ತದೆ, ಭೇದಿ ಜಾಸ್ತಿಯಾಗುತ್ತದೆ. ಸೂತ್ರಕ್ಕೆ ಸರಿಹೊಂದದ ಪಾನೀಯಗಳು ಆ ಹೆಸರು ಬಳಸಬಾರದೆಂದು ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಲೀಟರ್ ನೀರಿಗೆ ಕಲಸುವ ಪುಡಿಯ ಪೊಟ್ಟಣ ಕೇಳಿ, ಅದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿರಬೇಕು.

ಮಾಲ್ಟ್ ಪುಡಿಗಳಿಗೆ ಬರೋಣ. 2023ರಲ್ಲಿ ದೊಡ್ಡ ಗದ್ದಲವಾದ ಮೇಲೆ ಬೋರ್ನ್‌ವೀಟಾದಲ್ಲಿ ಸೇರಿಸಿದ ಸಕ್ಕರೆ 100 ಗ್ರಾಂಗೆ 37.4ರಿಂದ 32.2 ಗ್ರಾಂಗೆ ಇಳಿಯಿತು. 2024ರ ಏಪ್ರಿಲ್‌ನಲ್ಲಿ ಇಂಥ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ ಕೇಂದ್ರದ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಇಳಿದ ಮೇಲೂ 20 ಗ್ರಾಂ ಪುಡಿಗೆ ಆರೂವರೆ ಗ್ರಾಂ ಸಕ್ಕರೆ. ಅದರ ಮೇಲೆ ಮನೆಯಲ್ಲಿ ‘ಮಗು ಕುಡಿಯೋದಿಲ್ಲ’ ಎಂದು ಹಾಕುವ ಒಂದು ಚಮಚ. ಇದು ದಿನಕ್ಕೆರಡು ಸಲ. ಇಪ್ಪತ್ತು ಗ್ರಾಂ ಅಲ್ಲಿಗೇ ಆಯಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಸೇರಿಸಿದ ಸಕ್ಕರೆಯೇ ಬೇಡ ಎಂಬುದು ಅಮೆರಿಕನ್ ಹಾರ್ಟ್ ಅಸೋಸಿಯೇಶನ್‌ನ 2016ರ ಸಲಹೆ. ‘ದೇಸಿ’ ರಾಗಿ ಮಾಲ್ಟ್ ಪ್ಯಾಕೆಟ್‌ಗಳಲ್ಲೂ ಬೆಲ್ಲವೋ ಸಕ್ಕರೆಯೋ ಮೊದಲೇ ಬೆರೆತಿರುವುದುಂಟು; ಪಟ್ಟಿಯ ಮೊದಲ ಎರಡು ಹೆಸರು ಓದಿದರೆ ಸಾಕು. ಹುರಿಟ್ಟಿನ ಗಿರಣಿಯಲ್ಲಿ ಮೊಳಕೆ ರಾಗಿ ಬೀಸಿಸಿಕೊಂಡು ಬಂದರೆ ಈ ಓದುವ ಕೆಲಸವೂ ತಪ್ಪುತ್ತದೆ.

ಟೀ ಅಂಗಡಿ ಈ ಕಪಾಟಿನಲ್ಲಿಲ್ಲ, ಆದರೂ ಊರಿನ ಸಕ್ಕರೆಯ ದೊಡ್ಡ ಬಾಬ್ತು ಅದೇ. ಎರಡು ಚಮಚದ ಟೀ ಮೂರು ಸಲ ಕುಡಿದರೆ 24 ಗ್ರಾಂ. ಬೈ ಟೂ ಕುಡಿದರೆ ಅರ್ಧ ಎನ್ನುವುದು ಸರಿ, ಬೈ ಟೂ ಅಂತ ಆರು ಸಲ ಹೋಗದಿದ್ದರೆ. ಪಾತ್ರೆಯಲ್ಲೇ ಸಕ್ಕರೆ ಹಾಕಿ ಕುದಿಸುವ ಕಡೆ ‘ಸಕ್ಕರೆ ಕಮ್ಮಿ’ ಎಂದರೆ ನಗುತ್ತಾರೆ, ಕಮ್ಮಿ ಮಾಡುವುದು ಸಾಧ್ಯವೇ ಇಲ್ಲ. ಡಿಕಾಕ್ಷನ್, ಹಾಲು ಬೇರೆಬೇರೆ ಇಟ್ಟುಕೊಂಡು ಲೋಟಕ್ಕೆ ಸಕ್ಕರೆ ಹಾಕುವ ಅಂಗಡಿ ಹುಡುಕಿಕೊಳ್ಳಿ. ಎರಡರಿಂದ ಒಂದೂವರೆ, ಒಂದು, ಅರ್ಧ ಹೀಗೆ ವಾರ ಎರಡು ವಾರಕ್ಕೊಮ್ಮೆ ಇಳಿಸುತ್ತ ಬಂದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಒಂದೇ ಸಲ ಬಿಟ್ಟವರು ದುಗ್ಗಮ್ಮನ ಜಾತ್ರೆ ಬರುವಷ್ಟರಲ್ಲಿ ಮತ್ತೆ ಹಳೇ ಅಳತೆಗೆ ಬಂದಿರುತ್ತಾರೆ.

ಗುಳಿಗೆ, ಡ್ರಾಪ್ಸ್, ಪುಡಿ

ಕಪಾಟಿನಲ್ಲಿ ಹೆಸರಿಗೆ ತಕ್ಕ ಕೆಲಸ ಮಾಡುವವು ಇವು. ಹಿಂಬದಿಯ ಸಂಖ್ಯೆ ನೋಡಿ ಆರಿಸಿ: 951 ಆಸ್ಪರ್ಟೇಮ್, 955 ಸುಕ್ರಲೋಸ್, 960 ಸ್ಟೀವಿಯಾ, 965 ಮಾಲ್ಟಿಟಾಲ್, 967 ಕ್ಸೈಲಿಟಾಲ್, 968 ಎರಿಥ್ರಿಟಾಲ್. ಆಸ್ಪರ್ಟೇಮ್ ಸಕ್ಕರೆಗಿಂತ 200 ಪಟ್ಟು ಸಿಹಿ, ಆದರೆ ಕುದಿಸಿದರೆ ಸಿಹಿ ಕಳೆದುಕೊಳ್ಳುತ್ತದೆ. ಪಾಯಸ ಕುದಿಯುವಾಗ ಹಾಕಿ ‘ಸಪ್ಪೆ ಆತು’ ಎಂದು ಇನ್ನಷ್ಟು ಸುರಿಯುವುದು ಇದರಲ್ಲೇ. ಒಲೆಯಿಂದ ಇಳಿಸಿ, ಉಗುರುಬೆಚ್ಚಗಾದ ಮೇಲೆ ಹಾಕಬೇಕು. ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟಿನಿಂದಲೇ ಬರುವ ಅಪರೂಪದ ಕಾಯಿಲೆ ಇರುವವರು ಮುಟ್ಟುವಂತಿಲ್ಲ. ಸುಕ್ರಲೋಸ್ 600 ಪಟ್ಟು, ಟೀಯ ಬಿಸಿ ತಡೆಯುತ್ತದೆ. ಪುಡಿಯ ಸ್ಯಾಷೆಯಲ್ಲಿ ತೂಕ ತುಂಬಲು ಮಾಲ್ಟೋಡೆಕ್ಸ್‌ಟ್ರಿನ್ ಅಥವಾ ಡೆಕ್ಸ್‌ಟ್ರೋಸ್ ಬೆರೆಸಿರುತ್ತಾರೆ. ಗುಳಿಗೆ, ಡ್ರಾಪ್ಸ್‌ನಲ್ಲಿ ಆ ಕಾಟ ಕಡಿಮೆ. ಸ್ಟೀವಿಯಾ 200–300 ಪಟ್ಟು, ಕೊನೆಗೆ ತುಸು ಕಹಿ. ಹಾಲಿನ ಟೀಗಿಂತ ನಿಂಬೆ ಶರಬತ್ತಿಗೆ ಚೆನ್ನ. ಮನೆಯಲ್ಲಿ ನಾಯಿ ಇದ್ದರೆ ಕ್ಸೈಲಿಟಾಲ್ ಡಬ್ಬಿ ತರಲೇಬೇಡಿ, ಅದಕ್ಕದು ವಿಷ.

2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೂಕ ಇಳಿಸುವ ಉಪಾಯವಾಗಿ ಇವನ್ನು ಬಳಸಬೇಡಿ ಎಂದಿತು. ಈಗಾಗಲೇ ಸಕ್ಕರೆ ಕಾಯಿಲೆ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿತ್ತು. ಎರಡು ತಿಂಗಳಿಗೆ ಆಸ್ಪರ್ಟೇಮ್ ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ’ 2ಬಿ ಪಟ್ಟಿಗೆ ಸೇರಿತು. ಅದೇ ಹೊತ್ತಿಗೆ ಇನ್ನೊಂದು ತಜ್ಞ ಸಮಿತಿ ದಿನಕ್ಕೆ ಮೈತೂಕದ ಕಿಲೋಗೆ 40 ಮಿ.ಗ್ರಾಂ. ಮಿತಿಯನ್ನು ಬದಲಿಸದೆ ಉಳಿಸಿತು. ಟೀಗೆ ಒಂದೆರಡು ಗುಳಿಗೆ ಹಾಕಿಕೊಳ್ಳುವವರು ಆ ಮಿತಿಯ ಹತ್ತಿರಕ್ಕೂ ಸುಳಿಯುವುದಿಲ್ಲ.

ಯಾವ ಸರಕಿನ ಬಗ್ಗೆ ಅನುಮಾನವಿದ್ದರೂ ಗ್ಲೂಕೋಮೀಟರ್ ಇರುವವರಿಗೆ ಸುಲಭದ ಪರೀಕ್ಷೆಯಿದೆ. ತಿನ್ನುವ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಲೆಕ್ಕ ಹಿಡಿದು ಎರಡು ಗಂಟೆಗೆ ಇನ್ನೊಮ್ಮೆ ನೋಡಿ. ಜತೆಗೆ ಬೇರೇನೂ ತಿನ್ನಬೇಡಿ, ಬೆರಳು ಸೋಪಿನಿಂದ ತೊಳೆದು ಒರೆಸಿ. ಸಿಹಿ ಮುಟ್ಟಿದ ಬೆರಳಿನಲ್ಲೇ ಚುಚ್ಚಿದರೆ ಮೀಟರ್ ಬರ್ಫಿಯ ಸಕ್ಕರೆಯನ್ನು ತೋರಿಸುತ್ತದೆ, ನಿಮ್ಮದನ್ನಲ್ಲ.

ಇನ್ನು ಈ ಕಪಾಟಿನಲ್ಲಿ ಇಲ್ಲದ, ಆದರೆ ಇರಲೇಬೇಕಾಗಿದ್ದ ಒಂದು ಸರಕು: ಮಾಮೂಲಿ ಗ್ಲೂಕೋಸ್ ಪುಡಿ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಸಕ್ಕರೆ 70ರ ಕೆಳಗೆ ಜಾರಬಹುದು. ಬೆವರು, ನಡುಕ, ಎದೆ ಡವಡವ, ಮಾತು ತೊದಲುವುದು. ಆಗ ಶುಗರ್‌ಲೆಸ್ ಬರ್ಫಿ, ಡಯಟ್ ಕೋಲಾ ಕೊಟ್ಟರೆ ಪ್ರಯೋಜನವಿಲ್ಲ, ಚಾಕಲೇಟ್ ಕೊಬ್ಬಿನಿಂದಾಗಿ ತಡ. 15 ಗ್ರಾಂ ಗ್ಲೂಕೋಸ್ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಇನ್ನೂ 70 ದಾಟದಿದ್ದರೆ ಮತ್ತೊಮ್ಮೆ. ಗ್ಲೂಕೋಸ್ ಇಲ್ಲದಿದ್ದರೆ ನಾಲ್ಕು ಟೀ ಚಮಚ ಸಕ್ಕರೆಯೂ ನಡೆಯುತ್ತದೆ, ಆದರೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ನುಂಗುವವರಿಗೆ ಅಲ್ಲ: ಸಕ್ಕರೆ ಒಡೆಯುವ ಕಿಣ್ವವನ್ನೇ ಆ ಮಾತ್ರೆಗಳು ತಡೆದಿರುತ್ತವೆ, ಅವರಿಗೆ ಗ್ಲೂಕೋಸೇ ಆಗಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಒಯ್ಯಬೇಕು. 15 ಗ್ರಾಂ ತೂಗಿ ಕಟ್ಟಿದ ಎರಡು ಪೊಟ್ಟಣ ಜೇಬಿನಲ್ಲೋ ಸ್ಕೂಟರ್ ಡಿಕ್ಕಿಯಲ್ಲೋ ಇರಲಿ. ಮಳೆಗಾಲದಲ್ಲಿ ಪುಡಿ ತೇವ ಹೀರಿ ಗಟ್ಟಿಯಾಗುತ್ತದೆ, ಆಗಾಗ ಬದಲಿಸಿ.